ಬುದ್ಧಿ ಹೇಳುವ ಮುಂಚೆ ಕೇಳಿಸಿಕೊಳ್ಳಿ

ಈ ಸಲದ ಪತ್ರಗಳೆಲ್ಲ ಉತ್ತರ ಕನ್ನಡದಿಂದ ಬಂದಿವೆ. ಬರೆದವರು ಘಟ್ಟದ ಮೇಲಿನ ಮತ್ತು ಕರಾವಳಿಯ ಶಿಕ್ಷಕರು, ಶಾಲಾ ಆಪ್ತಸಮಾಲೋಚಕರು (ಕೌನ್ಸೆಲರ್‌ಗಳು). ಕೇಳಿದ್ದು ಬೇರೆ ಬೇರೆ. ಆದರೆ ಎಲ್ಲರ ಸಂಕಟ ಹೆಚ್ಚುಕಡಿಮೆ ಒಂದೇ: ಮಕ್ಕಳು ನಮ್ಮ ಹತ್ತಿರ ಬಂದು ಹೇಳಿಕೊಳ್ಳುತ್ತಾರೆ, ಅದನ್ನು ಹೇಗೆ ಕೇಳಬೇಕು, ಮುಂದೆ ಏನು ಮಾಡಬೇಕು ಅಂತ ನಮಗೆ ಯಾರೂ ಕಲಿಸಿಲ್ಲ. ಹೆಸರು, ಊರು, ಶಾಲೆ ಬಿಟ್ಟು, ಪತ್ರಗಳನ್ನು ಚಿಕ್ಕದು ಮಾಡಿ ಇಲ್ಲಿ ಹಾಕಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಒಂದು ದಿನದ ಕಾರ್ಯಾಗಾರಕ್ಕೆ ಹೋಗಿ ಬಂದೆ. ಅಂದಿನಿಂದ ಹೆಡ್‌ಮಾಸ್ಟರು ಪಾಲಕರಿಗೆಲ್ಲ ನನ್ನನ್ನು ‘ನಮ್ಮ ಶಾಲೆಯ ಕೌನ್ಸೆಲರ್’ ಅಂತ ಪರಿಚಯ ಮಾಡಿಕೊಡುತ್ತಾರೆ. ನನಗೆ ಹೆದರಿಕೆ ಆಗುತ್ತದೆ. ನಾನು ಏನು ಕಲಿಯಬೇಕು, ಎಲ್ಲಿ ಕಲಿಯಬೇಕು?
— ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಹೆದರಿಕೆ ಆಗುತ್ತಿದೆ ಅಂದರೆ ಈ ಕೆಲಸದ ತೂಕ ನಿಮಗೆ ಗೊತ್ತಾಗಿದೆ. ಒಂದು ದಿನ ಕೂತು ಕೇಳಿ ಬಂದವರಿಗೆ ಕೌನ್ಸೆಲರ್ ಅಂತ ಹೆಸರು ಕೊಡುವುದು ನಿಮಗೂ ಒಳ್ಳೆಯದಲ್ಲ, ಮಕ್ಕಳಿಗೂ ಒಳ್ಳೆಯದಲ್ಲ. ಹೆಡ್‌ಮಾಸ್ಟರ ಹತ್ತಿರ ಇದನ್ನು ನೇರವಾಗಿ ಹೇಳಿ. "ಮಕ್ಕಳ ಮಾತು ಕೇಳುವ ಕೆಲಸ ಖುಷಿಯಿಂದ ಮಾಡುತ್ತೇನೆ ಸರ್, ಆದರೆ ನಾನಿನ್ನೂ ಕಲಿಯುತ್ತಿದ್ದೇನೆ, ಆ ಹೆಸರು ಈಗಲೇ ಬೇಡ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲು ನಿಮ್ಮ ಕೆಲಸ ಎಲ್ಲಿಂದ ಎಲ್ಲಿಯವರೆಗೆ ಅಂತ ಗೊತ್ತಿರಲಿ. ಓದುವ ರೀತಿ, ಮುಂದಿನ ಕೋರ್ಸು, ಗೆಳತಿಯರ ಜಗಳ, ಪರೀಕ್ಷೆಯ ಭಯ, ಇವಕ್ಕೆಲ್ಲ ಮಾರ್ಗದರ್ಶನ ಕೊಡುವುದು ಯಾವ ಶಿಕ್ಷಕರಿಗಾದರೂ ಆಗುತ್ತದೆ, ಆಗಬೇಕು ಕೂಡ. ಆಪ್ತಸಮಾಲೋಚನೆ ಇನ್ನೊಂದು ಹಂತ. ಅಲ್ಲಿ ಒಂದು ಮಗುವಿನ ಜೊತೆ ಹಲವು ವಾರ ಕೂತು, ಅದು ತಾನೇ ದಾರಿ ಕಂಡುಕೊಳ್ಳುವವರೆಗೆ ಜೊತೆಗಿರಬೇಕು, ಅದಕ್ಕೆ ಸರಿಯಾದ ತರಬೇತಿ ಬೇಕು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬಿಟ್ಟಿದೆ, ಕೈ ಕೊಯ್ದುಕೊಂಡಿದೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ ಅನ್ನುತ್ತದೆ ಅಂದರೆ ಅದು ಮನೋವೈದ್ಯರ ಕೆಲಸ. ಅಲ್ಲಿ ನಿಮ್ಮ ಪಾಲು ಗುರುತಿಸುವುದು, ಮನೆಯವರನ್ನು ಒಪ್ಪಿಸುವುದು, ಆಸ್ಪತ್ರೆಗೆ ತಲುಪಿಸುವುದು, ವಾಪಸು ಬಂದ ಮೇಲೆ ಮಗುವಿನ ಜೊತೆಗಿರುವುದು.

ಕಲಿಯುವ ಜಾಗ ಕೇಳಿದ್ದೀರಿ. ಕೆಲಸದಲ್ಲಿರುವ ಶಿಕ್ಷಕರಿಗೆ ನಾನು ಮೊದಲು ಹೇಳುವುದು ರಾಷ್ಟ್ರೀಯ ಶಿಕ್ಷಣ ಸಂಶೋಧನಾ ಮತ್ತು ತರಬೇತಿ ಪರಿಷತ್ತಿನ, ಅಂದರೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ. ಒಂದು ವರ್ಷದ್ದು. ಮೊದಲ 6 ತಿಂಗಳು ದೂರಶಿಕ್ಷಣ, ಮನೆಯಲ್ಲೇ ಓದಬಹುದು. ಆಮೇಲೆ 3 ತಿಂಗಳು ಕೇಂದ್ರಕ್ಕೆ ಹೋಗಿ ನೇರ ತರಗತಿ. ಕೊನೆಯ 3 ತಿಂಗಳು ನಿಮ್ಮೂರಲ್ಲೇ ಇಂಟರ್ನ್‌ಶಿಪ್. ನಮ್ಮ ರಾಜ್ಯದ ಕೇಂದ್ರ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಸರ್ಕಾರಿ ಶಾಲೆಯವರಾದರೆ ಆ 3 ತಿಂಗಳಿಗೆ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಲ್ಲಿ ಮಾತಾಡಿಕೊಳ್ಳಿ. ಮನೆ, ಮಕ್ಕಳು, ವಯಸ್ಸಾದ ಅತ್ತೆ ಮಾವನನ್ನು ಬಿಟ್ಟು 3 ತಿಂಗಳು ಮೈಸೂರಿನಲ್ಲಿರುವುದು ಸುಲಭ ಅಲ್ಲ ಅಂತ ಗೊತ್ತು. ಆದರೂ ಈ ಕೋರ್ಸಿನ ಜೀವ ಇರುವುದೇ ಆ ನೇರ ತರಗತಿ ಮತ್ತು ಇಂಟರ್ನ್‌ಶಿಪ್‌ನಲ್ಲಿ.

ಈಗ ಮೊಬೈಲು ತೆಗೆದರೆ ಸಾಕು, ಎರಡು ದಿನದಲ್ಲಿ ಕೌನ್ಸೆಲಿಂಗ್ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವ ಜಾಹೀರಾತು ಬರುತ್ತದೆ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾನು ಇನ್ನೊಬ್ಬರ ಜೊತೆ ಮಾತಾಡುವುದನ್ನು ಎದುರಿಗೆ ಕೂತು ನೋಡಿ ತಿದ್ದುವವರು ಇದ್ದಾರಾ? ಇಲ್ಲ ಅಂದರೆ ಬಿಟ್ಟುಬಿಡಿ. ಯಕ್ಷಗಾನದ ಹೆಜ್ಜೆಯನ್ನು ಯಾರೂ ಭಾಷಣ ಕೇಳಿ ಕಲಿಯುವುದಿಲ್ಲ, ತಾಳ ತಪ್ಪಿದಲ್ಲೆಲ್ಲ ನಿಲ್ಲಿಸಿ ತಿದ್ದುವ ಗುರು ಬೇಕು, ಕೇಳಿಸಿಕೊಳ್ಳುವುದನ್ನು ಕಲಿಯುವುದೂ ಹಾಗೇ.

ಇನ್ನೊಂದು ವಿಷಯ. ಆಯುಷ್ಮಾನ್ ಭಾರತ್ ಯೋಜನೆಯ ಅಡಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸಿಗೆ, ತರಬೇತಿ ಕೊಡಬೇಕು ಅಂತಿದೆ. ಅದರ 11 ವಿಷಯಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. ನಿಮ್ಮ ಶಾಲೆಯ ಇಬ್ಬರು ಯಾರು ಅಂತ ಕೇಳಿ ನೋಡಿ. ಇದ್ದರೆ ನೀವು ಒಬ್ಬರೇ ಅಲ್ಲ, ಮೂವರಾಗುತ್ತೀರಿ.

ಪ್ರಶ್ನೆ: ನಾನು ಖಾಸಗಿ ಶಾಲೆಯೊಂದರಲ್ಲಿ ಕೌನ್ಸೆಲರ್. ಗಲಾಟೆ ಮಾಡಿದ, ಹೋಮ್‌ವರ್ಕ್ ಮಾಡದ ಮಕ್ಕಳನ್ನು ಶಿಕ್ಷಕರು "ಬುದ್ಧಿ ಹೇಳಿ ಕಳಿಸಿ" ಅಂತ ನನ್ನ ರೂಮಿಗೆ ಅಟ್ಟುತ್ತಾರೆ. ನನ್ನ ರೂಮೆಂದರೆ ಮಕ್ಕಳಿಗೆ ಶಿಕ್ಷೆ ಆಗಿಬಿಟ್ಟಿದೆ.
— ಕಾರವಾರ ತಾಲ್ಲೂಕು

ಉತ್ತರ: ಇದು ನಿಮ್ಮೊಬ್ಬರ ಶಾಲೆಯ ಕಥೆ ಅಲ್ಲ. ಶಿಕ್ಷೆಯಾಗಿ ಬಂದ ಮಗು ಬಾಯಿ ಬಿಡುವುದಿಲ್ಲ, ಬಾಯಿ ಬಿಟ್ಟರೂ ನಿಮಗೆ ಬೇಕಾದ್ದನ್ನೇ ಹೇಳಿ ಎದ್ದು ಹೋಗುತ್ತದೆ. ಶಿಕ್ಷಕರ ಮೇಲೆ ಸಿಟ್ಟಾಗಬೇಡಿ, ಅವರಿಗೆ ಬೇರೆ ದಾರಿ ತೋರಿಸಿದವರಿಲ್ಲ. ಹೊಡೆಯುವುದು ಮತ್ತು ಮನಸ್ಸಿಗೆ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ನಿಷೇಧಿಸಿತು. ಅದರ ಬದಲಿಗೆ ತರಗತಿಯಲ್ಲಿ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಕಲಿಸಲಿಲ್ಲ.

ಶಿಕ್ಷಕರ ಸಭೆಯಲ್ಲಿ ಅರ್ಧ ಗಂಟೆ ಕೇಳಿ ಪಡೆಯಿರಿ. ನಿಮ್ಮ ಹತ್ತಿರ ಯಾವಾಗ ಕಳಿಸಬೇಕು ಅಂತ ಹೇಳಿ: ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಹಿಂದೆ ಬಿದ್ದಾಗ, ಗೆಳೆಯರಿಂದ ದೂರ ಕೂತಾಗ, ಪದೇ ಪದೇ ಹೊಟ್ಟೆನೋವು ಅಂದಾಗ, ಕಾರಣ ಇಲ್ಲದೆ ಅತ್ತಾಗ. ಗಲಾಟೆಯ ಮಗುವನ್ನೂ ಕಳಿಸಬಹುದು, ಆದರೆ ಗಲಾಟೆ ಮಾಡಿದ ಆ ಹೊತ್ತಿಗೇ ಅಲ್ಲ, ಮರುದಿನ, ಎಲ್ಲರ ಎದುರು ಹೆಸರು ಕೂಗದೆ. ಮಕ್ಕಳು ತಾವಾಗಿಯೇ ಬರಲು ಬಾಗಿಲಲ್ಲಿ ಒಂದು ಚೀಟಿ ಡಬ್ಬ ಇಡಿ. ಮತ್ತೆ, ಬಿಸಿಲಿರಲಿ ಮಳೆಯಿರಲಿ, ಊಟದ ಬಿಡುವಿನಲ್ಲಿ ನೀವು ರೂಮಿನ ಒಳಗೆ ಕೂರಬೇಡಿ. ವರಾಂಡದಲ್ಲಿ ಮಕ್ಕಳ ನಡುವೆ ಓಡಾಡಿ.

ಪ್ರಶ್ನೆ: ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಅಕ್ಕೋರೆ, ನಿಮಗೊಂದು ವಿಷಯ ಹೇಳ್ತೆ, ಯಾರಿಗೂ ಹೇಳೂದಿಲ್ಲ ಅಂತ ಮಾತು ಕೊಡಿ" ಅಂದಳು. ನಾನು ಮಾತು ಕೊಟ್ಟೆ. ಅವಳು ಹೇಳಿದ್ದು, ಮನೆಗೆ ಬಂದು ಹೋಗುವ ಸಂಬಂಧಿಕನೊಬ್ಬ ಮೈ ಮುಟ್ಟುತ್ತಾನೆ ಅಂತ. ಈಗ ನಾನೇನು ಮಾಡಲಿ? ಮಾತು ಮುರಿದರೆ ಅವಳು ಮತ್ತೆ ಯಾರನ್ನೂ ನಂಬುವುದಿಲ್ಲ.
— ಶಿಕ್ಷಕಿ, ಅಂಕೋಲಾ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿದ ದಿನವೇ ಅಂಚೆಗೆ ಕಾಯದೆ ನಿಮಗೆ ಉತ್ತರ ತಲುಪಿಸಿದ್ದೇನೆ. ಉಳಿದ ಶಿಕ್ಷಕರಿಗೂ ಗೊತ್ತಿರಬೇಕು ಅಂತ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಇದನ್ನು ಗುಟ್ಟಾಗಿ ಇಡುವ ಹಾಗಿಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ಆಗಬಹುದು ಅನ್ನುವ ಅನುಮಾನ ಇದ್ದರೂ, ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಇದನ್ನೇ ಹೇಳುತ್ತದೆ. ತಿಳಿಸದೆ ಇದ್ದರೆ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಬರದ ಹಾಗೆ ಅದೇ ಕಾಯ್ದೆಯಲ್ಲಿ ರಕ್ಷಣೆಯೂ ಇದೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಯಾವ ಫೋನಿಂದ ಮಾಡಿದರೂ ದುಡ್ಡಿಲ್ಲ.

ಹುಡುಗಿಗೆ ಮೊದಲು ನೀವೇ ಹೇಳಬೇಕು. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗಬಾರದು. ಹೀಗೆ ಹೇಳಿ ನೋಡಿ: "ನೀನು ನನಗೆ ಹೇಳಿದ್ದು ಬಹಳ ಧೈರ್ಯದ ಕೆಲಸ. ಇದರಲ್ಲಿ ನಿನ್ನ ತಪ್ಪು ಸ್ವಲ್ಪವೂ ಇಲ್ಲ. ಯಾರಿಗೂ ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೆ, ಆದರೆ ಇದು ನಿನಗೆ ತೊಂದರೆ ಆಗುತ್ತಿರುವ ವಿಷಯ, ನಾನು ಸುಮ್ನೆ ಇರೋಕೆ ಆಗೋದಿಲ್ಲ. ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ. ಕ್ಲಾಸಿನಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಕೊನೆಯವರೆಗೂ ನಿನ್ನ ಜೊತೆ ಇರುತ್ತೇನೆ." ಅವಳು ಅಳಬಹುದು, ಸಿಟ್ಟಾಗಬಹುದು. ತಡೆಯಬೇಡಿ. ಪಕ್ಕದಲ್ಲಿ ಕೂತಿರಿ.

ಪೊಲೀಸ್ ಅಂದ ಕೂಡಲೇ ಮಗುವಿಗೂ ಮನೆಯವರಿಗೂ ನಡುಕ ಹುಟ್ಟುತ್ತದೆ, ಆದ್ದರಿಂದ ಮುಂದೆ ಏನಾಗುತ್ತದೆ ಅಂತ ಅವರಿಗೆ ನೀವೇ ಹೇಳಲು ಆಗಬೇಕು. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳಿಗೆ ಬೇಕಾದ ಜಾಗದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಬರುವ ಹಾಗಿಲ್ಲ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಅವಳ ಹೆಸರು, ಮನೆ, ಶಾಲೆ ಯಾವುದೂ ಪತ್ರಿಕೆಯಲ್ಲಿ ಬರುವ ಹಾಗಿಲ್ಲ. ಇದೆಲ್ಲ ಆ ಕಾಯ್ದೆಯಲ್ಲೇ ಇದೆ.

ನೀವು ಮಾಡಬಾರದ್ದೂ ಇದೆ. ಏನಾಯ್ತು, ಎಷ್ಟು ಸಲ, ಎಲ್ಲಿ ಅಂತ ಕೆದಕಿ ಕೇಳಬೇಡಿ, ಅದು ತನಿಖೆಯವರ ಕೆಲಸ. ಅವಳು ತಾನಾಗಿ ಹೇಳಿದ್ದನ್ನು ಅವಳದೇ ಮಾತಿನಲ್ಲಿ, ಕೊಂಕಣಿಯಲ್ಲಿ ಹೇಳಿದ್ದರೆ ಕೊಂಕಣಿಯಲ್ಲೇ, ತಾರೀಖು ಹಾಕಿ ಬರೆದಿಡಿ. ಶಾಲೆಯಲ್ಲಿ ಹೆಡ್‌ಮಾಸ್ಟರಿಗೆ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ, ಸ್ಟಾಫ್ ರೂಮಿನಲ್ಲಂತೂ ಬೇಡವೇ ಬೇಡ. ಆ ಸಂಬಂಧಿಕನನ್ನು ಕರೆಸಿ ಕೇಳಲು ಹೋಗಬೇಡಿ. ಊರಿನ ನಾಲ್ಕು ಜನ ಸೇರಿ ಮುಗಿಸೋಣ, ಮರ್ಯಾದೆ ಪ್ರಶ್ನೆ ಅಂತ ಯಾರಾದರೂ ಬಂದರೆ ಖಂಡಿತ ಒಪ್ಪಬೇಡಿ. ಆ ಮಾತಿನಲ್ಲಿ ಎಲ್ಲರ ಮರ್ಯಾದೆಯೂ ಉಳಿಯುತ್ತದೆ, ಹುಡುಗಿಯೊಬ್ಬಳನ್ನು ಬಿಟ್ಟು.

ಇನ್ನು ಮುಂದೆ ಯಾವ ಮಗು ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಿ ಅಂದರೂ ಮೊದಲೇ ಹೇಳಿಬಿಡಿ: "ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯ, ಬೇರೆಯವರ ಜೀವಕ್ಕೆ ಅಪಾಯ, ನಿನಗೆ ಯಾರಾದರೂ ತೊಂದರೆ ಕೊಡುತ್ತಿರುವುದು, ಇಂಥದ್ದಾದರೆ ಸಹಾಯ ಮಾಡುವವರಿಗೆ ನಾನು ಹೇಳಲೇಬೇಕು." ಹೀಗೆ ಹೇಳಿದರೆ ಮಕ್ಕಳು ಹೇಳುವುದನ್ನೇ ನಿಲ್ಲಿಸುತ್ತಾರೆ ಅಂತ ಶಿಕ್ಷಕರು ಹೆದರುತ್ತಾರೆ. ಹೆಚ್ಚಿನ ಮಕ್ಕಳು ನಿಲ್ಲಿಸುವುದಿಲ್ಲ. ಎಷ್ಟೋ ಸಲ ಅವರಿಗೆ ಬೇಕಾಗಿರುವುದೇ ಯಾರಾದರೂ ದೊಡ್ಡವರು ಇದನ್ನು ನಿಲ್ಲಿಸಲಿ ಅಂತ.

ಪ್ರಶ್ನೆ: ಹತ್ತನೇ ತರಗತಿಯ ಹುಡುಗ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ "ಬದುಕಿ ಏನು ಉಪಯೋಗ" ಅಂತ ಬರೆದಿದ್ದಾನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದಾ?
— ಮಾಸ್ತರು, ಯಲ್ಲಾಪುರ ತಾಲ್ಲೂಕು

ಉತ್ತರ: ಇಲ್ಲ. ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ಈ ಬಗ್ಗೆ ನಡೆದ ಅಧ್ಯಯನಗಳು ಹೇಳುತ್ತವೆ, ಬದಲಿಗೆ ಹೇಳಿಕೊಳ್ಳಲು ಒಂದು ಬಾಗಿಲು ಸಿಗುತ್ತದೆ. ಬೇರೆ ಮಕ್ಕಳಿಲ್ಲದ ಜಾಗದಲ್ಲಿ, ಸಮಾಧಾನದಿಂದ, ನೇರವಾಗಿ: "ನೀನು ಬರೆದಿದ್ದು ನೋಡಿದೆ. ಸಾಯಬೇಕು ಅಂತ ಅನಿಸಿದೆಯಾ?" ಹೌದು ಅಂದರೆ ಗದರಬೇಡಿ, ಅಪ್ಪ ಅಮ್ಮನ ಕಷ್ಟ ನೆನಪಿಸಬೇಡಿ. ಹೇಗೆ ಅಂತಲೂ ಯೋಚನೆ ಮಾಡಿದ್ದಾನಾ ಕೇಳಿ. ಯೋಚಿಸಿದ್ದರೆ ಅಪಾಯ ಜಾಸ್ತಿ. ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ಮನೆಯವರನ್ನು ಕರೆಸಿ, ಅವರ ಕೈಗೇ ಒಪ್ಪಿಸಿ. ತೋಟದ ಮನೆಗಳಲ್ಲಿ ಔಷಧಿ, ಕೀಟನಾಶಕ ಕೈಗೆ ಸಿಗುವ ಹಾಗೆ ಇರುತ್ತದೆ, ಅದಕ್ಕೆ ಬೀಗ ಹಾಕಲು ಹೇಳಿ.

ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬಂದು ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯಾವ ವಾರ ಅಂತ ವಿಚಾರಿಸಿ. ಅಷ್ಟು ದಿನ ಕಾಯುವ ಹಾಗಿಲ್ಲದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಕರಾವಳಿಯವರಿಗೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಪೊಲೀಸ್ ಕೇಸು ಆಗುತ್ತದೆ ಅನ್ನುವ ಭಯದಲ್ಲಿ ಮನೆಯವರು ಮುಚ್ಚಿಡುವುದುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಹೀಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಅನ್ನುತ್ತದೆ. ಇದನ್ನು ಅವರಿಗೆ ತಿಳಿಸಿ ಹೇಳಿ.

ಪ್ರಶ್ನೆ: ನಮ್ಮ ಶಾಲೆಗೆ ಬರುವವರು ಹೆಚ್ಚಾಗಿ ಮೀನುಗಾರರ ಮಕ್ಕಳು. ಒಂಬತ್ತು, ಹತ್ತಕ್ಕೆ ಬರುವಾಗ ಹುಡುಗರು ಬೋಟಿಗೆ ಹೋಗಲು ಶುರು ಮಾಡುತ್ತಾರೆ, ಶಾಲೆ ತಪ್ಪಿಸುತ್ತಾರೆ. ವೃತ್ತಿ ಮಾರ್ಗದರ್ಶನ ಶಿಬಿರ ಮಾಡಿದೆವು. ಬಂದವರು ಡಾಕ್ಟರ್, ಎಂಜಿನಿಯರ್, ಐಎಎಸ್ ಅಂತ ಹೇಳಿ ಹೋದರು. ನಮ್ಮ ಹುಡುಗರು ಆಕಳಿಸುತ್ತಾ ಕೂತಿದ್ದರು.
— ಶಿಕ್ಷಕ, ಹೊನ್ನಾವರ ತಾಲ್ಲೂಕು

ಉತ್ತರ: ಆ ಹುಡುಗರ ಮೇಲೆ ನನಗೆ ಬೇಸರ ಇಲ್ಲ. ಅವರ ಬದುಕಿನ ಒಂದು ಮಾತೂ ಆ ಶಿಬಿರದಲ್ಲಿ ಇರಲಿಲ್ಲ, ಅಲ್ವಾ?

ವೃತ್ತಿ ಮಾರ್ಗದರ್ಶನ ಒಂದು ವ್ಯವಸ್ಥೆಯಾಗಿ ಶುರುವಾಗಿದ್ದು 1908ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ, ಫ್ರಾಂಕ್ ಪಾರ್ಸನ್ಸ್ ಅನ್ನುವವರಿಂದ. ಕೆಲಸ ಹುಡುಕುತ್ತಿದ್ದ ಬಡ ಹುಡುಗರಿಗಾಗಿಯೇ ಅವರು ಅದನ್ನು ಮಾಡಿದ್ದು. ಅವರು ಹೇಳಿದ ಕ್ರಮ ಸರಳ: ಮೊದಲು ನಿನ್ನನ್ನು ನೀನು ತಿಳಿದುಕೋ, ಆಮೇಲೆ ಕೆಲಸಗಳನ್ನು ತಿಳಿದುಕೋ, ಆಮೇಲೆ ಎರಡನ್ನೂ ಸೇರಿಸಿ ಯೋಚಿಸು. ನಮ್ಮ ಶಿಬಿರಗಳು ಎರಡನೆಯದನ್ನು ಮಾತ್ರ ಮಾಡುತ್ತವೆ, ಅದನ್ನೂ ಅರ್ಧಂಬರ್ಧ.

ನೀವು ಮೊದಲನೆಯದರಿಂದ ಶುರು ಮಾಡಿ. ಬೋಟಿಗೆ ಹೋಗುವ ಹುಡುಗನನ್ನು ಕೂರಿಸಿಕೊಂಡು, ಶಾಲೆ ಯಾಕೆ ತಪ್ಪಿಸಿದೆ ಅಂತ ಕೇಳುವ ಬದಲು ಬೋಟಿನಲ್ಲಿ ನಿನಗೆ ಯಾವ ಕೆಲಸ ಇಷ್ಟ ಅಂತ ಕೇಳಿ. ಒಬ್ಬನಿಗೆ ಎಂಜಿನ್ ಇಷ್ಟ. ಇನ್ನೊಬ್ಬನಿಗೆ ಜಿಪಿಎಸ್ ನೋಡಿ ದಾರಿ ಹಿಡಿಯುವುದು ಇಷ್ಟ. ಮತ್ತೊಬ್ಬ ದಕ್ಕೆಯಲ್ಲಿ ಹರಾಜಿನ ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಈ ಮೂವರೂ ಒಂದೇ ಅಲ್ಲ, ಮೂವರಿಗೂ ಬೇರೆ ಬೇರೆ ದಾರಿ ಇದೆ.

ಎಂಜಿನ್ ಇಷ್ಟ ಅನ್ನುವವನಿಗೆ ಐಟಿಐ, ಡಿಪ್ಲೊಮಾ ಗೊತ್ತಿರುತ್ತದೆ. ಆದರೆ ಕೊಚ್ಚಿಯಲ್ಲಿ ಸಿಫ್‌ನೆಟ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಅಲ್ಲಿ ಹತ್ತನೇ ತರಗತಿ ಮುಗಿಸಿದವರಿಗೇ ಮೀನುಗಾರಿಕಾ ಹಡಗು ನಡೆಸುವ ಮತ್ತು ಹಡಗಿನ ಎಂಜಿನ್ ನೋಡಿಕೊಳ್ಳುವ ಎರಡು ವರ್ಷದ ಕೋರ್ಸುಗಳಿವೆ ಅಂತ ಹೇಳಿ. ಅಪ್ಪನ ಬೋಟಿನಲ್ಲಿ ಕಲಿತ ಕೆಲಸಕ್ಕೆ ಸರ್ಟಿಫಿಕೇಟ್ ಸಿಗುತ್ತದೆ, ದೊಡ್ಡ ಹಡಗಿನ ದಾರಿ ತೆರೆಯುತ್ತದೆ ಅಂದಾಗ ಹತ್ತನೇ ತರಗತಿ ಯಾಕೆ ಪಾಸಾಗಬೇಕು ಅನ್ನುವುದಕ್ಕೆ ಅವನಿಗೇ ಒಂದು ಕಾರಣ ಸಿಗುತ್ತದೆ. ಪಿಯು ವಿಜ್ಞಾನ ಓದುವ ಮನಸ್ಸಿದ್ದವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿಗೆ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ದಿನಾ ಬಲೆಯಲ್ಲಿ ನೋಡುವ ಮೀನನ್ನೇ ಅಲ್ಲಿ ಓದುತ್ತಾರೆ ಅಂತ ಅವರು ಕಣ್ಣಾರೆ ನೋಡಲಿ. ಘಟ್ಟದ ಮೇಲಿನ ಶಾಲೆಗಳಿಗೆ ಶಿರಸಿಯ ಅರಣ್ಯ ಕಾಲೇಜು ಹಾಗೇ.

ತಿಂಗಳೂ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಮನೆಯಲ್ಲಿ ದುಡ್ಡಿಲ್ಲ, ಪುಸ್ತಕ, ಸಮವಸ್ತ್ರ, ಛತ್ರಿ ಎಲ್ಲ ಒಟ್ಟಿಗೇ ಬೇಕು, ಅಪ್ಪ ಮನೆಯಲ್ಲೇ ಇರುತ್ತಾರೆ, ಜಗಳವೂ ಆಗುತ್ತದೆ. ಆದರೆ ಪಾಲಕರನ್ನು ಭೇಟಿ ಮಾಡಲು ಅದೇ ಒಳ್ಳೆಯ ಕಾಲ. ಆಗಸ್ಟ್ ಬಂತೆಂದರೆ ಅಪ್ಪಂದಿರು ಕೈಗೆ ಸಿಗುವುದಿಲ್ಲ, ಹುಡುಗರಿಗೂ ಬೋಟಿನ ಕರೆ ಬರುತ್ತದೆ. ಆದ್ದರಿಂದ ಮನೆ ಭೇಟಿಯನ್ನು ಜೂನ್, ಜುಲೈನಲ್ಲೇ ಮುಗಿಸಿ. ಹೋದಾಗ ಹುಡುಗನ ದೂರು ಹೇಳಬೇಡಿ. ಅವನಿಗೆ ಏನು ಚೆನ್ನಾಗಿ ಬರುತ್ತದೆ ಅನ್ನುವುದರಿಂದ ಮಾತು ಶುರುವಾಗಲಿ.

ಫೇಲಾದವರನ್ನೂ ಬಿಟ್ಟುಬಿಡಬೇಡಿ. ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಫಲಿತಾಂಶ ಬಂದ ದಿನವೇ ಫೋನ್ ಮಾಡಿ ಎರಡನೆಯ ಪರೀಕ್ಷೆಗೆ ಹೆಸರು ಕಟ್ಟಿಸಿ, ಇಲ್ಲದಿದ್ದರೆ ಆ ವಾರದಲ್ಲೇ ಹುಡುಗ ಪುಸ್ತಕ ಕಟ್ಟಿ ಮಾಳಿಗೆಗೆ ಎಸೆಯುತ್ತಾನೆ.

ಪ್ರಶ್ನೆ: ವ್ಯಕ್ತಿತ್ವ ವಿಕಸನ ಅಂತ ನಮಗೆ ಎಷ್ಟೋ ತರಬೇತಿ ಆಗಿದೆ. ಚಪ್ಪಾಳೆ ಹೊಡೆಸುತ್ತಾರೆ, "ನನ್ನಿಂದ ಆಗುತ್ತದೆ" ಅಂತ ಕೂಗಿಸುತ್ತಾರೆ. ಮರುದಿನ ಮತ್ತೆ ಅದೇ ನಾವು. ಶಿಕ್ಷಕರಿಗೆ ನಿಜವಾಗಿ ಬೇಕಾದ ವ್ಯಕ್ತಿತ್ವ ವಿಕಸನ ಯಾವುದು?
— ಶಿಕ್ಷಕಿ, ಸಿದ್ದಾಪುರ ತಾಲ್ಲೂಕು

ಉತ್ತರ: ಕೂಗಿಸುವುದರಿಂದ ಒಂದು ಮಧ್ಯಾಹ್ನ ಉತ್ಸಾಹ ಬರುತ್ತದೆ. ಅಷ್ಟೇ. ನನಗೆ ಬೇಕು ಅನಿಸುವುದು ಬೇರೆಯೇ. ಯಾವ ಮಗುವನ್ನು ಕಂಡರೆ ನನಗೆ ಸುಮ್ನೆ ಸಿಟ್ಟು ಬರುತ್ತದೆ? ಯಾವ ಮಾತಿಗೆ ನನ್ನ ದನಿ ಏರುತ್ತದೆ? ಜಾತಿ, ಬಣ್ಣ, ಮಾತಿನ ರೀತಿ ನೋಡಿ ನಾನು ಮೊದಲೇ ಏನಾದರೂ ಅಂದುಕೊಂಡುಬಿಡುತ್ತೇನಾ? ನಮ್ಮ ಜಿಲ್ಲೆಯಲ್ಲಿ ಸಿದ್ದಿ, ಹಾಲಕ್ಕಿ, ಕುಣಬಿ, ಗೌಳಿ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಅವರಲ್ಲಿ ಎಷ್ಟೋ ಜನ ಶಿಕ್ಷಕರ ಒಂದು ನೋಟಕ್ಕೆ ಶಾಲೆ ಬಿಟ್ಟವರಿದ್ದಾರೆ. ಈ ಪ್ರಶ್ನೆಗಳನ್ನು ನಂಬಿಕೆಯ ಇಬ್ಬರು ಮೂವರ ಜೊತೆ ಕೂತು ಮಾತಾಡಲು ಜಾಗ ಮಾಡಿಕೊಡುವ ತರಬೇತಿ ನಿಜವಾದದ್ದು.

ಕಾರ್ಲ್ ರೋಜರ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1957ರಲ್ಲಿ ಇದನ್ನೇ ಮುಂದಿಟ್ಟರು. ಸಹಾಯ ಮಾಡುವವರು ಒಳಗೊಂದು ಹೊರಗೊಂದು ಇರಬಾರದು, ಎದುರಿನವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ಅವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳಬೇಕು ಅಂತ. ಇದು ಕೂಗಿದರೆ ಬರುವುದಿಲ್ಲ. ಮತ್ತೆ, ನಿದ್ದೆಗೆಟ್ಟು, ಮನೆಕೆಲಸ ಮುಗಿಸಿ, ಬಸ್ಸು ಹಿಡಿದು, ಬಿಸಿಯೂಟದ ಲೆಕ್ಕ ಬರೆದು ಸುಸ್ತಾದ ಶಿಕ್ಷಕಿಯಿಂದ ಇದನ್ನು ಕೇಳುವುದು ನ್ಯಾಯವೂ ಅಲ್ಲ. ನಿಮಗೂ ಹೇಳಿಕೊಳ್ಳಲು ಒಬ್ಬರು ಬೇಕು. ಮೇಲೆ ಬರೆದ 14416 ಶಿಕ್ಷಕರಿಗೂ ಇದೆ.

ಪ್ರಶ್ನೆ: ನಾನು ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ (ಹತ್ತಿರದ ಕೆಲವು ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ. ನಮ್ಮ ಕ್ಲಸ್ಟರಿನ ಶಿಕ್ಷಕರಿಗೆ ಮಾರ್ಗದರ್ಶನ, ಆಪ್ತಸಮಾಲೋಚನೆ ಬಗ್ಗೆ ಎರಡು ದಿನ ತರಬೇತಿ ಮಾಡಬೇಕು ಅಂತಿದ್ದೇನೆ. ಪವರ್‌ಪಾಯಿಂಟ್ ಮಾಡಿ ಆಗಿದೆ. ಇನ್ನೇನು ಇರಬೇಕು?
— ಕುಮಟಾ ತಾಲ್ಲೂಕು

ಉತ್ತರ: ಪವರ್‌ಪಾಯಿಂಟನ್ನು ಒಂದು ಗಂಟೆಗೆ ಇಳಿಸಿ. ಉಳಿದ ಹೊತ್ತೆಲ್ಲ ಶಿಕ್ಷಕರೇ ಮಾತಾಡಲಿ, ಮಾಡಲಿ.

ಮೂರು ಮೂರು ಜನರ ಗುಂಪು ಮಾಡಿ. ಒಬ್ಬರು ತಮಗೆ ನಿಜವಾಗಿ ಆದ ಒಂದು ಸಣ್ಣ ಬೇಸರ ಹೇಳಲಿ. ದೊಡ್ಡ ದುಃಖ ಬೇಡ, ವರ್ಗಾವಣೆಯದ್ದೋ ಪಕ್ಕದ ಮನೆಯದ್ದೋ ಸಾಕು. ಇನ್ನೊಬ್ಬರು ಹತ್ತು ನಿಮಿಷ ಕೇಳಲಿ. ಸಲಹೆ ಕೊಡುವ ಹಾಗಿಲ್ಲ, "ನನಗೂ ಹೀಗೇ ಆಗಿತ್ತು" ಅನ್ನುವ ಹಾಗಿಲ್ಲ. ಮೂರನೆಯವರು ಬಾಯಿ ಮುಚ್ಚಿ ನೋಡಲಿ: ಎಷ್ಟು ಸಲ ಮಾತು ಕತ್ತರಿಸಿದರು, ಯಾವ ಪ್ರಶ್ನೆಗೆ ಮಾತು ಬಿಚ್ಚಿಕೊಂಡಿತು, ಯಾವುದಕ್ಕೆ ಮುಚ್ಚಿಕೊಂಡಿತು. ಆಮೇಲೆ ಜಾಗ ಬದಲಾಯಿಸಿ. ಮೊದಲ ಸುತ್ತಿನಲ್ಲಿ ಹೆಚ್ಚಿನವರು ಮೂರನೇ ನಿಮಿಷಕ್ಕೇ ಬುದ್ಧಿ ಹೇಳಲು ಶುರು ಮಾಡುತ್ತಾರೆ. ನಗಬೇಡಿ, ಬೈಯಲೂ ಬೇಡಿ. ಮೂರನೆಯವರು ನೋಡಿದ್ದನ್ನು ಓದಿ ಹೇಳಲಿ, ಅದೇ ಪಾಠ. ಎರಡನೆಯ ದಿನ ಇದನ್ನೇ ಮಕ್ಕಳ ಸಮಸ್ಯೆ ಇಟ್ಟುಕೊಂಡು ಮಾಡಿಸಿ. ಮನೆಯಲ್ಲಿ ಕೊಂಕಣಿ, ಉರ್ದು, ನವಾಯತಿ, ಮರಾಠಿ ಆಡುವ ಮಕ್ಕಳ ಪಾತ್ರವನ್ನು ಆ ಭಾಷೆ ಬರುವ ಶಿಕ್ಷಕರಿಗೆ ಕೊಟ್ಟು ಅದೇ ಭಾಷೆಯಲ್ಲಿ ಮಾತಾಡಿಸಿ. ಅಳು ಬಂದಾಗ ಮಗು ಪಠ್ಯಪುಸ್ತಕದ ಕನ್ನಡ ಹುಡುಕುತ್ತಾ ಕೂರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳಿದ 10 ಜೀವನ ಕೌಶಲಗಳನ್ನು ಎಲ್ಲರೂ ಬೋರ್ಡಿನ ಮೇಲೆ ಬರೆಸುತ್ತಾರೆ: ತನ್ನನ್ನು ತಾನು ಅರಿಯುವುದು, ಸಹಾನುಭೂತಿ, ನಿರ್ಧಾರ ತೆಗೆದುಕೊಳ್ಳುವುದು, ಒತ್ತಡ ನಿಭಾಯಿಸುವುದು ಹೀಗೆ. ಬರೆಸಿ ಬಿಡಬೇಡಿ. ಎರಡನ್ನು ಮಾತ್ರ ತೆಗೆದುಕೊಂಡು, ತರಗತಿಯಲ್ಲಿ ಅದನ್ನು ಮಾಡಿಸುವ ಒಂದು ಆಟವೋ ಚರ್ಚೆಯೋ ಶಿಕ್ಷಕರಿಂದಲೇ ತಯಾರು ಮಾಡಿಸಿ.

ಒಂದು ಗಂಟೆ ಕಾನೂನಿಗೆ ಇರಲಿ. ಪೋಕ್ಸೊ, 1098, 14416, ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್, ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಯಾರನ್ನು ಯಾವಾಗ ಕರೆಯಬೇಕು ಅಂತ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಶಾಲೆಗೂ ಕೊಡಿ.

ಇಷ್ಟು ಮಾಡಿದರೂ ಎರಡು ದಿನ ಸಾಲುವುದಿಲ್ಲ. ಕಲಿತದ್ದು ಉಳಿಯಬೇಕಾದರೆ ಮತ್ತೆ ಮತ್ತೆ ಸೇರಬೇಕು. ಹೇಗೂ ಕ್ಲಸ್ಟರಿನ ಸಮಾಲೋಚನಾ ಸಭೆ ನಡೆಯುತ್ತದೆ, ಅದರಲ್ಲಿ ಮುಕ್ಕಾಲು ಗಂಟೆ ಇದಕ್ಕೆ ಮೀಸಲಿಡಿ. ಒಬ್ಬ ಶಿಕ್ಷಕರು ಒಂದು ಮಗುವಿನ ವಿಷಯ, ಹೆಸರು ಮತ್ತು ಗುರುತು ಸಿಗುವ ವಿವರ ಬಿಟ್ಟು, ಹೇಳಲಿ. ಏನು ಕೇಳಿದೆ, ಮಗು ಏನಂದಿತು, ಎಲ್ಲಿ ಸಿಕ್ಕಿಹಾಕಿಕೊಂಡೆ. ಉಳಿದವರು ಸಲಹೆಗೆ ಮೊದಲು ಪ್ರಶ್ನೆ ಕೇಳಲಿ. ಈ ಕೂಟಕ್ಕೆ ತರಬೇತಿ ಪಡೆದ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಅದು ಬರೀ ಮಾತುಕತೆಯಾಗಿ ಮುಗಿಯುತ್ತದೆ. ಕುಮಟಾದಲ್ಲೇ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಪಾಠ ಮಾಡಲು ಅಲ್ಲ, ಶಿಕ್ಷಕರ ಜೊತೆ ಕೂತು ಕೇಳಿ ತಿದ್ದಲು ಒಬ್ಬ ಉಪನ್ಯಾಸಕರನ್ನು ತಿಂಗಳಿಗೊಮ್ಮೆ ಕಳಿಸಿ ಅಂತ ಈಗಲೇ ಪತ್ರ ಬರೆಯಿರಿ. ತರಬೇತಿಯ ತಾರೀಖು ಗೊತ್ತು ಮಾಡುವ ಮೊದಲೇ ಆ ಪತ್ರ ಹೋಗಲಿ.